ಓದುಗರ ಪ್ರಶ್ನೆ: ಮೆಟ್ಟಿಲ ಮೇಲೆ ಇಟ್ಟುಹೋದ ಕಾರ್ಡು

ಪ್ರಶ್ನೆ: ಮಗ ಯುದ್ಧದಲ್ಲಿ ಸತ್ತ ಮೇಲೆ ಬರ್ಲಿನ್‌ನ ಗಂಡ ಹೆಂಡತಿ ಹಿಟ್ಲರ್ ವಿರುದ್ಧ ಕಾರ್ಡು ಬರೆದು ಅಲ್ಲಲ್ಲಿ ಇಟ್ಟುಬರುವ ಸಿನಿಮಾ ನೋಡಿದೆ. ಇದು ನಡೆದದ್ದೇ? ಕರಪತ್ರ ಬಿಟ್ಟು ಕಾರ್ಡೇ ಏಕೆ?

ಉತ್ತರ: ನಡೆದದ್ದೇ. ಅವರು ಓಟೊ ಹಾಂಪೆಲ್ ಮತ್ತು ಎಲಿಸೆ ಹಾಂಪೆಲ್. ಓಟೊ ಕಾರ್ಖಾನೆ ಕೆಲಸಗಾರ. ಸತ್ತದ್ದು ಮಾತ್ರ ಮಗನಲ್ಲ. 1940ರಲ್ಲಿ ಫ್ರಾನ್ಸ್‌ನಲ್ಲಿ ಎಲಿಸೆಯ ಒಡಹುಟ್ಟಿದವನು. ಆ ಸೆಪ್ಟೆಂಬರ್‌ನಿಂದ 1942ರ ಶರತ್ಕಾಲದವರೆಗೆ ಇಬ್ಬರೂ ಸೇರಿ 200ಕ್ಕೂ ಹೆಚ್ಚು ಕಾರ್ಡು ಬರೆದರು. ಚಳಿಗಾಲದ ನಿಧಿಗೆ (ನಾಜಿಗಳು ನಡೆಸುತ್ತಿದ್ದ ಚಂದಾ ಸಂಗ್ರಹ) ದುಡ್ಡು ಕೊಡಬೇಡಿ, ಯುದ್ಧಕ್ಕೆ ಸಹಕರಿಸಬೇಡಿ ಎಂಬಂಥ ಮಾತು, ಕಾಗುಣಿತದ ತಪ್ಪುಗಳ ಸಮೇತ.

ಕರಪತ್ರಕ್ಕೆ ಟೈಪ್‌ರೈಟರ್, ಸ್ಟೆನ್ಸಿಲ್, ಪ್ರತಿ ತೆಗೆಯುವ ಯಂತ್ರ, ರಾಶಿ ಕಾಗದ ಬೇಕು. ಅಷ್ಟನ್ನೂ ಬಚ್ಚಿಡಲು ಜಾಗ ಬೇಕು. ಕಾರ್ಡಿಗೆ ಪೆನ್ನು, ಶಾಯಿ ಸಾಕು. ಕೈಬರಹ ಗುರುತು ಸಿಗದಂತೆ ಅಕ್ಷರಗಳನ್ನು ಅಚ್ಚಿನ ಹಾಗೆ ಬಿಡಿಬಿಡಿಯಾಗಿ ಬರೆಯುತ್ತಿದ್ದರು. ಹೆಚ್ಚಿನವನ್ನು ಇಟ್ಟದ್ದು ಬರ್ಲಿನ್‌ನ ವೆಡ್ಡಿಂಗ್ ಬಡಾವಣೆಯ ಸುತ್ತಿನ ವಠಾರಗಳ ಮೆಟ್ಟಿಲ ಬಳಿ, ಅಂಚೆ ಪೆಟ್ಟಿಗೆಗಳಲ್ಲಿ. ಹತ್ತಾರು ಸಂಸಾರ ಓಡಾಡುವ ಮೆಟ್ಟಿಲಲ್ಲಿ ಹೊಸ ಮುಖ ಕಂಡರೆ ಯಾರೂ ತಡೆದು ಕೇಳುವುದಿಲ್ಲ.

ಈಗ ಕಾರ್ಡು ಸಿಕ್ಕವನನ್ನು ನೋಡಿ. ಲಕೋಟೆಯಾದರೆ ಒಡೆಯದೆ ಬಿಡಬಹುದು. ಕಾರ್ಡನ್ನು ಎತ್ತಿಕೊಂಡ ಕ್ಷಣವೇ ಮೊದಲ ಸಾಲು ಓದಿ ಆಗಿರುತ್ತದೆ. ಮರುಕ್ಷಣ ಭಯ: ಪರೀಕ್ಷಿಸಲೆಂದೇ ಯಾರಾದರೂ ಇಟ್ಟಿದ್ದರೆ? ಮೇಲಿನ ಮನೆಯವರು ಬಾಗಿಲ ಸಂದಿಯಿಂದ ನೋಡಿದ್ದರೆ? ನಾಜಿ ಪಕ್ಷದ ಬ್ಲಾಕ್ ಮೇಲ್ವಿಚಾರಕನೊಬ್ಬನ ಕಣ್ಣಿನಡಿ ಸುಮಾರು 40ರಿಂದ 60 ಮನೆಗಳಿರುತ್ತಿದ್ದವು. ಹೀಗಾಗಿ ಬಹುತೇಕ ಎಲ್ಲ ಕಾರ್ಡುಗಳೂ ಗೆಸ್ಟಾಪೊ ಎಂಬ ರಹಸ್ಯ ಪೊಲೀಸರ ಕೈಗೇ ಸೇರಿದವು. ಇದನ್ನು ಸೋಲು ಎನ್ನುವವರಿದ್ದಾರೆ, ನಾವು ಒಪ್ಪುವುದಿಲ್ಲ. ತಂದೊಪ್ಪಿಸಿದವರೂ ಓದಿಯೇ ತಂದಿದ್ದರು, ಇಬ್ಬರು ಸಾಮಾನ್ಯರ ಹಿಂದೆ ಪೊಲೀಸರು ಎರಡು ವರ್ಷ ಅಲೆದರು. ಕೊನೆಗೆ ಯಾರೋ ದೂರು ಕೊಟ್ಟರು. 1943ರ ಏಪ್ರಿಲ್ 8ರಂದು ಪ್ಲೋಟ್ಸೆನ್‌ಜೇ ಸೆರೆಮನೆಯಲ್ಲಿ ಇಬ್ಬರನ್ನೂ ಗಿಲೊಟಿನ್‌ಗೆ ಕೊಟ್ಟರು.

ಪ್ರಶ್ನೆ: ಇಂಥ ಚಿತ್ರಗಳಲ್ಲಿ ರೇಡಿಯೊ ಕೇಳುವಾಗ ಕಂಬಳಿ ಹೊದ್ದುಕೊಳ್ಳುತ್ತಾರಲ್ಲ, ಅಷ್ಟು ಭಯವಿತ್ತೇ?

ಉತ್ತರ: ಇತ್ತು. 1939ರ ಸೆಪ್ಟೆಂಬರ್‌ನಿಂದ ಜರ್ಮನಿಯಲ್ಲಿ ವಿದೇಶಿ ಕೇಂದ್ರ ಕೇಳುವುದೇ ಅಪರಾಧ. ಕೇಳಿದ್ದನ್ನು ಹರಡಿದರೆ ಮರಣದಂಡನೆಯವರೆಗೂ ಹೋಗಬಹುದಿತ್ತು. 76 ಮಾರ್ಕ್‌ಗೆ ಬಂದ ಅಗ್ಗದ ‘ಜನತಾ ರೇಡಿಯೊ’ದಲ್ಲಿ ಶಾರ್ಟ್‌ವೇವ್ ಇರಲಿಲ್ಲ. ಆದರೂ ಕತ್ತಲಾದ ಮೇಲೆ ಮೀಡಿಯಂ ವೇವ್ ದೂರ ಹಾಯುವುದರಿಂದ ಲಂಡನ್ ಸಿಗುತ್ತಿತ್ತು. ಕಷ್ಟವೆಂದರೆ, ಸರ್ಕಾರ ಬೇಕೆಂದೇ ಎಬ್ಬಿಸುವ ಗೊರಗೊರ ಸದ್ದಿನ ನಡುವೆ ಮಾತು ಕೇಳಲು ದನಿ ಏರಿಸಬೇಕು. ಏರಿಸಿದರೆ ಬಿಬಿಸಿ ಪ್ರಸಾರದ ಗುರುತಾದ ನಾಲ್ಕು ನಗಾರಿ ಪೆಟ್ಟು ಗೋಡೆ ದಾಟಿ ಪಕ್ಕದ ಮನೆಗೆ ಕೇಳುತ್ತದೆ. ಅದಕ್ಕೇ ಕಂಬಳಿ. ಕೇಳಿ ಮುಗಿದ ಮೇಲೆ ಮುಳ್ಳನ್ನು ಮತ್ತೆ ಜರ್ಮನ್ ಕೇಂದ್ರಕ್ಕೆ ತಿರುಗಿಸಿಡಬೇಕು. ಮರೆತರೆ ಅದೇ ಸಾಕ್ಷಿ.

ಪ್ರಶ್ನೆ: ಹಿಟ್ಲರ್ ವಿರುದ್ಧ ಕರಪತ್ರ ಹಂಚುತ್ತಿದ್ದ ಮ್ಯೂನಿಕ್‌ನ ‘ಬಿಳಿ ಗುಲಾಬಿ’ ಗುಂಪಿನ ವಿದ್ಯಾರ್ಥಿಗಳು ಎಡವಿದ್ದು ಎಲ್ಲಿ?

ಉತ್ತರ: ಅಂಚೆಚೀಟಿ, ಲಕೋಟೆ ಒಂದೇ ಕಡೆ ಕೊಂಡರೆ ಅನುಮಾನ ಬರುತ್ತದೆಂದು ಬೇರೆ ಬೇರೆ ಕಡೆ ಕೊಳ್ಳುತ್ತಿದ್ದರು. ರೈಲಿನಲ್ಲಿ ಬೇರೆ ಊರಿಗೆ ಒಯ್ದು ಅಲ್ಲಿಂದ ಅಂಚೆಗೆ ಹಾಕುತ್ತಿದ್ದರು. ಇಷ್ಟು ಹುಷಾರಾಗಿದ್ದವರು 1943ರ ಫೆಬ್ರವರಿ 18ರಂದು ವಿಶ್ವವಿದ್ಯಾಲಯದ ತರಗತಿಗಳ ಹೊರಗೆ ಆರನೇ ಕರಪತ್ರ ಇಟ್ಟರು. ಮಿಕ್ಕ ಕಟ್ಟನ್ನು ಗುಂಪಿನ ಸೋಫಿ ಶೋಲ್ ಮೇಲಿನ ಮಹಡಿಯಿಂದ ನಡುಅಂಗಳಕ್ಕೆ ತಳ್ಳಿದಳು. ಅಲ್ಲಿನ ನೌಕರ ಕಂಡು ಹಿಡಿದ. ಅದಕ್ಕಿಂತ ನೋವಿನ ಎಡವಟ್ಟು ಅಣ್ಣ ಹಾನ್ಸ್‌ನ ಜೇಬಿನಲ್ಲಿತ್ತು: ಮುಂದಿನ ಕರಪತ್ರದ ಕರಡು, ಗೆಳೆಯ ಕ್ರಿಸ್ಟೋಫ್ ಪ್ರೋಬ್ಸ್ಟ್‌ನ ಕೈಬರಹದಲ್ಲಿ. ಹಾನ್ಸ್ ಹರಿದುಹಾಕಲು ನೋಡಿದ, ಆಗಲಿಲ್ಲ. ಚೂರು ಜೋಡಿಸಿ ಬರಹ ಹೋಲಿಸಿದರು. ಮೂರು ಮಕ್ಕಳ ತಂದೆಯಾದ ಪ್ರೋಬ್ಸ್ಟ್‌ನನ್ನೂ ಅಣ್ಣ ತಂಗಿಯರ ಜೊತೆಗೇ ಫೆಬ್ರವರಿ 22ರಂದು ಕೊಂದರು.