ನೂರೆಂಟು ಕೆಜಿಗೆ ಎಂಥ ಚಕ್ರ ಕಟ್ಟಿಸೋಣ?

ಪ್ರಶ್ನೆ: ನಮಸ್ಕಾರ ಸರ್. ನನಗೆ 41 ವರ್ಷ, ತೂಕ 108 ಕೆಜಿ. ಬ್ಯಾಂಕಿನಲ್ಲಿ ಕೆಲಸ. ಡಾಕ್ಟರು ಹೇಳಿದರು ಅಂತ ಎರಡು ವರ್ಷದ ಹಿಂದೆ 29 ಇಂಚಿನ ಮೌಂಟನ್ ಬೈಕ್ ತಗೊಂಡೆ. ಈಗ ಅದೇ ಹುಚ್ಚು. ಭಾನುವಾರ ಬಂದರೆ ಕಾಫಿ ಎಸ್ಟೇಟ್ ರಸ್ತೆ, ಕಲ್ಲು, ಬೇರು, ಕೆಸರು. ಆದರೆ ನಾಲ್ಕು ತಿಂಗಳಲ್ಲಿ ಹಿಂದಿನ ಚಕ್ರದ ಮೂರು ಕಡ್ಡಿ ಕಟ್ ಆಗಿವೆ. ಮೂರೂ ಎಡಗಡೆಯವು, ಫೋಟೊ ಕಳಿಸಿದ್ದೇನೆ. ಅಂಗಡಿಯವರು ‘ನಿಮ್ಮ ಭಾರಕ್ಕೆ ಇದು ತಡೆಯಲ್ಲ, 36 ಕಡ್ಡಿಯದು ಹಾಕಿಸಿ’ ಅಂತಾರೆ. ಜೊತೆಗಾರರು ‘ಕಾರ್ಬನ್ ತಗೋ, ಹಗುರ’ ಅಂತಾರೆ. ಗಟ್ಟಿಯೂ ಇರಬೇಕು, ಹತ್ತುವಾಗ ಹಗುರವೂ ಇರಬೇಕು. ಅಂಥ ಚಕ್ರ ಸಿಗುತ್ತಾ?
– ಹೆಸರು ಬೇಡ ಎಂದವರು, ಚಿಕ್ಕಮಗಳೂರು

ಉತ್ತರ: ಸಿಗುತ್ತೆ ಸ್ವಾಮಿ. ಆದರೆ ಅದಕ್ಕೂ ಮೊದಲು ನಿಮ್ಮ ಫೋಟೊ ನೋಡೋಣ. ದಿನಪತ್ರಿಕೆ ಮೇಲೆ ಮೂರು ತುಂಡು ಇಟ್ಟಿದ್ದೀರಿ. ಮೂರೂ ಮುರಿದಿರುವುದು ಚಕ್ರದ ನಡುವಿನ ಹಬ್ಬಿನ ತೂತಿನಲ್ಲಿ ಕೂರುವ ಆ ಕೊಕ್ಕೆಯ ಹತ್ತಿರ. ಮೈಮೇಲೆ ಗೀರಿಲ್ಲ. ಚೈನ್ ಕಳಚಿ ಒಳಗೆ ಬಿದ್ದು ಕಡ್ಡಿ ಕೆರೆದಿದ್ದರೆ ಬಲಗಡೆಯವು ಹೋಗುತ್ತಿದ್ದವು. ಹಾಗಾಗಿ ಇದು ಚೈನ್ ಮಾಡಿದ ಕೆಲಸವಲ್ಲ, ಕಲ್ಲು ಹೊಡೆದದ್ದೂ ಅಲ್ಲ. ಕಡ್ಡಿ ದಣಿದು ಸತ್ತಿದೆ.

ಯಾಕೆ ದಣಿಯುತ್ತೆ ಅಂದರೆ, ಎತ್ತಿನಗಾಡಿಯ ಚಕ್ರದಲ್ಲಿ ಮರದ ಕಾಲುಗಳು ಭಾರ ಹೊತ್ತು ನಿಂತಿರುತ್ತವೆ. ಸೈಕಲ್ ಕಡ್ಡಿ ಹಾಗೆ ನಿಲ್ಲುವ ಜಾತಿಯಲ್ಲ, ಅದು ಎಳೆದುಕೊಂಡೇ ಇರಬೇಕು. ನೀವು ಕೂತಾಗ ನೆಲದ ಕಡೆ ಇರುವ ಕಡ್ಡಿಯ ಬಿಗಿ ಸ್ವಲ್ಪ ಇಳಿಯುತ್ತೆ, ಚಕ್ರ ಉರುಳಿದ ಮೇಲೆ ಮತ್ತೆ ಏರುತ್ತೆ. 29ರ ಚಕ್ರ ಒಂದು ಸುತ್ತಿಗೆ 2.3 ಮೀಟರ್ ಹೋಗುತ್ತೆ. ಕಿಲೋಮೀಟರಿಗೆ 430 ಚಿಲ್ಲರೆ ಸುತ್ತು. ನಿಮ್ಮ ಒಂದು ಭಾನುವಾರ 20 ಕಿಲೋಮೀಟರ್ ಅಂದರೆ, ಪ್ರತಿ ಕಡ್ಡಿ ಎಂಟು ಸಾವಿರಕ್ಕೂ ಜಾಸ್ತಿ ಸಲ ಸಡಿಲಾಗಿ ಬಿಗಿಯಾಗಿದೆ. ಮೊದಲೇ ಸಾಕಷ್ಟು ಬಿಗಿ ಇದ್ದರೆ ಇದು ಏನೂ ಅಲ್ಲ. ಬಿಗಿ ಕಮ್ಮಿ ಇದ್ದರೆ ಪ್ರತಿ ಸುತ್ತಿಗೂ ಕಡ್ಡಿ ಪೂರಾ ಸಡಿಲಾಗಿ, ಕೊಕ್ಕೆ ಆ ಕಡೆ ಈ ಕಡೆ ಆಡುತ್ತೆ. ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುರಿಯುತ್ತೀವಲ್ಲ, ಅದೇ ಕತೆ.

ಹಿಂದಿನ ಚಕ್ರದಲ್ಲಿ ಗೇರಿಗೆ ಜಾಗ ಬಿಡಬೇಕಾದ್ದರಿಂದ ಎಡಗಡೆಯ ಬಿಗಿ ಯಾವಾಗಲೂ ಬಲಗಡೆಗಿಂತ ಕಮ್ಮಿ. ಹಲವು ಚಕ್ರಗಳಲ್ಲಿ ಅದು ಅರ್ಧಕ್ಕಿಂತ ಸ್ವಲ್ಪ ಮೇಲೆ, ಅಷ್ಟೆ. ಬಲಗಡೆಯೇ ಸಡಿಲ ಕಟ್ಟಿದ್ದರೆ ಎಡಗಡೆಯ ಗತಿ ಕೇಳಬೇಡಿ. ನಿಮ್ಮದು ಆಗಿರುವುದು ಅದೇ ಅಂತ ನನಗೆ ಅನಿಸುತ್ತೆ. 108 ಕೆಜಿಯನ್ನು ಬೈಯುವುದು ಸುಲಭ. ಚಕ್ರ ಕಟ್ಟಿದವರನ್ನು ಯಾರೂ ಬೈಯಲ್ಲ.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಸೈಕಲ್ ತಲೆಕೆಳಗು ನಿಲ್ಲಿಸಿ, ಎಡಗಡೆಯ ಕಡ್ಡಿಗಳನ್ನು ಮಾತ್ರ ಒಂದೊಂದಾಗಿ ಉಗುರಿನಿಂದ ಮೀಟಿ. ತಂಬೂರಿ ತಂತಿ ಥರ ‘ಟಿಣ್’ ಅನ್ನಬೇಕು, ಎಲ್ಲವೂ ಹೆಚ್ಚುಕಮ್ಮಿ ಒಂದೇ ಶ್ರುತಿಯಲ್ಲಿರಬೇಕು. ಒಂದು ‘ಟಿಣ್’, ಪಕ್ಕದ್ದು ‘ಡೊಬ್’, ಮುಂದಿನದ್ದು ಮತ್ತೆ ‘ಟಿಣ್’ ಅಂತಿದ್ದರೆ ಕಾಯಿಲೆ ಸಿಕ್ಕಿತು. ಅಂಥ ಚಕ್ರ ತಿರುಗಿಸಿ ನೋಡಿದರೆ ಬೆಂಡೇ ಇರಲ್ಲ, ಚೆನ್ನಾಗೇ ಓಡುತ್ತೆ. ಅದಕ್ಕೇ ಮೋಸ ಹೋಗುವುದು.

ಮೂರು ಹೋಗಿವೆ ಅಂದರೆ ಉಳಿದವೂ ಅಷ್ಟೇ ಸವೆದಿವೆ. ಒಂದೊಂದೇ ಬದಲಾಯಿಸುತ್ತಾ ಕೂತರೆ ಮಳೆಗಾಲ ಮುಗಿಯಲ್ಲ. ಎಲ್ಲ ಕಡ್ಡಿ ಬಿಚ್ಚಿಸಿ, ಬರೀ ರಿಮ್ಮನ್ನು ಅಡುಗೆಮನೆಯ ಕಡಪ ಕಲ್ಲಿನ ಮೇಲೆ ಮಲಗಿಸಿ. ಸುತ್ತ ಸಮನಾಗಿ ಕೂತರೆ ಅದೇ ರಿಮ್ ಸಾಕು, ಹಬ್ಬಿನ ಬೇರಿಂಗ್ ಸರಿ ಇದ್ದರೆ ಅದೂ ಸಾಕು. ಹೊಸ ಕಡ್ಡಿ, ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಹೊಸ ನಿಪ್ಪಲ್, ಒಳ್ಳೆಯ ಕೈ. ರಿಮ್ ಕಲ್ಲಿನ ಮೇಲೆ ಕುಂಟಿದರೆ ಮಾತ್ರ ಹೊಸ ಚಕ್ರದ ಯೋಚನೆ ಮಾಡಿ.

ಕಡ್ಡಿ ಯಾವುದು? ನಡುವೆ ತೆಳು ಇರುವ ಬಟೆಡ್ ಕಡ್ಡಿ: ಎರಡು ತುದಿ 2 ಮಿಮೀ, ನಡು 1.8. ‘ಇಷ್ಟು ದಪ್ಪ ಮನುಷ್ಯನಿಗೆ ತೆಳು ಕಡ್ಡಿಯಾ’ ಅಂತ ನಮ್ಮ ಮನೆಯವರೇ ನಕ್ಕಿದ್ದಾರೆ. ನಡು ತೆಳು ಇದ್ದರೆ ಅದು ಸ್ವಲ್ಪ ಹಿಗ್ಗುತ್ತೆ, ಏಟನ್ನು ನಡುವೇ ನುಂಗಿಕೊಳ್ಳುತ್ತೆ, ಕೊಕ್ಕೆಗೆ ಕಷ್ಟ ಕೊಡಲ್ಲ. ಉದ್ದಕ್ಕೂ 2 ಮಿಮೀ ಇರುವ ಸಾದಾ ಕಡ್ಡಿಗಿಂತ ಜಾಸ್ತಿ ಬಾಳಿಕೆ, ಎರಡು ಚಕ್ರಕ್ಕೆ ಸೇರಿ 50 ಗ್ರಾಂ ಆಸುಪಾಸು ಉಳಿತಾಯ ಬೇರೆ. ಗಟ್ಟಿಯೂ ಹಗುರವೂ ಬೇಕು ಅಂದಿರಲ್ಲ, ಇಲ್ಲಿ ಎರಡೂ ಒಟ್ಟಿಗೆ ಸಿಗುತ್ತೆ.

ನಿಪ್ಪಲ್ ಹಿತ್ತಾಳೆಯದೇ ಇರಲಿ. ಇದನ್ನು ನಾನು ದುಡ್ಡು ಕೊಟ್ಟು ಕಲಿತದ್ದು. ನಾನು 102 ಕೆಜಿ ಇದ್ದಾಗ ಒಂದು ಹಗುರದ ಜೋಡಿ ಚಕ್ರ ತರಿಸಿದ್ದೆ. 28 ಕಡ್ಡಿ, ನೀಲಿ ಬಣ್ಣದ ಅಲ್ಯೂಮಿನಿಯಂ ನಿಪ್ಪಲ್, ನೋಡಕ್ಕೆ ಗೊಂಬೆ. ಎರಡು ಮಳೆಗಾಲ ಕಳೆದ ಮೇಲೆ ಬೆಂಡ್ ತೆಗೆಯೋಣ ಅಂತ ಕೀಲಿ ಹಾಕಿದೆ. ನಿಪ್ಪಲ್ ತಿರುಗಲಿಲ್ಲ, ತಲೆಯೇ ಕೈಗೆ ಬಂತು. ಪಕ್ಕದ್ದೂ ಅಷ್ಟೇ. ಬಿಳಿ ಹುಡಿ ಹಿಡಿದು ಕಡ್ಡಿಗೆ ಕಚ್ಚಿಕೊಂಡಿತ್ತು. ಮಾರಿದವರಿಗೆ ಫೋನ್ ಮಾಡಿದರೆ ‘ಮಳೇಲಿ ಓಡಿಸಿದ್ರಾ ಸಾರ್?’ ಅಂದರು. ಮಲೆನಾಡಿನಲ್ಲಿ ಇನ್ನೆಲ್ಲಿ ಓಡಿಸೋದು? ಅಷ್ಟಕ್ಕೂ ಆ ನಿಪ್ಪಲ್‌ಗಳಿಂದ ಉಳಿದದ್ದು ಎಷ್ಟು? ಎರಡೂ ಚಕ್ರ ಸೇರಿ 35, 40 ಗ್ರಾಂ. ಒಂದು ಇಡ್ಲಿ.

ಹೊಸದೇ ಕಟ್ಟಿಸುವುದಾದರೆ, ಮುಂದಿನ ಚಕ್ರ ಹಿಂದಿನದು ಒಂದೇ ಥರ ಇರಬೇಕು ಅನ್ನುವ ಹಟ ಬಿಡಿ. ನಿಮ್ಮ ಭಾರದ ಹೆಚ್ಚು ಪಾಲು ಬೀಳುವುದು ಹಿಂದೆ. ಹಿಂದಕ್ಕೆ 32 ಕಡ್ಡಿ, ಮೂರು ಕ್ರಾಸ್ (ಪ್ರತಿ ಕಡ್ಡಿ ಬೇರೆ ಮೂರು ಕಡ್ಡಿಯನ್ನು ದಾಟಿ ಹೋಗುವ ಹೆಣಿಗೆ), ಒಳ ಅಗಲ 30 ಮಿಮೀ ಇರುವ ಗಟ್ಟಿ ಅಲ್ಯೂಮಿನಿಯಂ ರಿಮ್. ರಿಮ್ಮೊಂದೇ 550 ಗ್ರಾಂ ತೂಗಿದರೂ ಬೇಜಾರು ಮಾಡಿಕೊಳ್ಳಬೇಡಿ. ಮುಂದಕ್ಕೆ ಒಂದು ಮಟ್ಟ ಹಗುರದ ರಿಮ್, ಬೇಕಿದ್ದರೆ 28 ಕಡ್ಡಿ. 36 ಕಡ್ಡಿ ತಪ್ಪೇನಲ್ಲ, ಆದರೆ ಆ ತೂತಿನ ಲೆಕ್ಕಕ್ಕೆ ಒಳ್ಳೆಯ ಮೌಂಟನ್ ಬೈಕ್ ಹಬ್ ಮತ್ತು ರಿಮ್ ಹುಡುಕುವುದೇ ಕಷ್ಟ. ಸಡಿಲ ಕಟ್ಟಿದ 36ಕ್ಕಿಂತ ಸರಿಯಾಗಿ ಕಟ್ಟಿದ 32 ಮೇಲು.

ಹಬ್ ತರಿಸುವ ಮೊದಲು ಫ್ರೇಮಿನ ಅಳತೆ ನೋಡಿ. ಹಿಂದೆ ಹಬ್ ಕೂರುವ ಜಾಗದ ಅಗಲ 135, 142, 148 ಮಿಮೀ ಅಂತ ಬೇರೆ ಬೇರೆ ಬರುತ್ತೆ. ನಿಮ್ಮದು 148 ಇದ್ದರೆ ಅದೃಷ್ಟ. ಅದರಲ್ಲಿ ಹಬ್ಬಿನ ಚಾಚು, ಅಂದರೆ ಕಡ್ಡಿ ಸಿಕ್ಕಿಸುವ ಅಂಚು, 142ಕ್ಕಿಂತ ಎರಡೂ ಕಡೆ ಮೂರು ಮೂರು ಮಿಮೀ ಹೊರಗಿರುತ್ತೆ. ಡೇರೆಯ ಗೂಟ ದೂರ ಹೊಡೆದಷ್ಟೂ ಡೇರೆ ಗಟ್ಟಿ ನಿಲ್ಲುತ್ತಲ್ಲ, ಹಾಗೆ. ರಿಮ್ ಕಂಪನಿಯವರು ತೂಕದ ಮಿತಿ ಬರೆದಿರುತ್ತಾರೆ. ಕೆಲವರು ಬರೀ ಸವಾರನ ತೂಕ ಹೇಳುತ್ತಾರೆ, ಕೆಲವರು ಸೈಕಲ್ಲು, ಬ್ಯಾಗು, ನೀರು ಎಲ್ಲ ಸೇರಿಸಿ. ಎರಡನೆಯದಾದರೆ ನಿಮ್ಮ ಲೆಕ್ಕ 108 ಅಲ್ಲ, 125ರ ಮೇಲೆ.

ಕಾರ್ಬನ್ ಬಗ್ಗೆ ನನಗೆ ದ್ವೇಷವಿಲ್ಲ, ಒಳ್ಳೆಯದು ತುಂಬ ಗಟ್ಟಿ. ಆದರೆ ಅಲ್ಯೂಮಿನಿಯಂ ಕಲ್ಲಿಗೆ ಹೊಡೆದರೆ ನೆಗ್ಗುತ್ತೆ, ಸಣ್ಣದಾದರೆ ಕಟಿಂಗ್ ಪ್ಲೇಯರಿನಲ್ಲಿ ಎತ್ತಿ ಮನೆಗೆ ಬರಬಹುದು. ಕಾರ್ಬನ್ ಸೀಳಿದರೆ ಅದನ್ನು ದಾರೀಲಿ ರಿಪೇರಿ ಮಾಡೋ ಮಾತೇ ಇಲ್ಲ. ನಿಮ್ಮ ಬಜೆಟ್ ಬರೆದಿಲ್ಲ, ಹಾಗಾಗಿ ಅದನ್ನು ಇಲ್ಲಿಗೇ ಬಿಡುತ್ತೇನೆ.

ಹಗುರ ಎಲ್ಲಿಂದ ತರೋದು ಹಾಗಾದರೆ? ಟ್ಯೂಬು ತೆಗೆಯಿರಿ. 29ರ ಟ್ಯೂಬ್ ಒಂದೊಂದೂ 200 ಗ್ರಾಂ ತೂಗುತ್ತೆ. ಟ್ಯೂಬ್‌ಲೆಸ್ ಮಾಡಿ 100 ಎಂಎಲ್ ಸೀಲಂಟ್ (ತೂತು ಮುಚ್ಚುವ ದ್ರವ) ಹಾಕಿದರೂ ಚಕ್ರಕ್ಕೆ 80, 90 ಗ್ರಾಂ ಉಳಿಯುತ್ತೆ, ಅದೂ ಅಂಚಿನಲ್ಲಿ. ನಾಲ್ಕು ಕಡ್ಡಿ ಕಮ್ಮಿ ಮಾಡಿದರೆ ಉಳಿಯುವುದು 30 ಗ್ರಾಂ ಕೂಡ ಇಲ್ಲ. ರಿಮ್ಮೂ ಟೈರೂ ಟ್ಯೂಬ್‌ಲೆಸ್‌ಗೆ ಆಗುವಂಥವೇ ಅಂತ ಮಾತ್ರ ಮೊದಲೇ ಕೇಳಿ. ಗಾಳಿ ಹೆಬ್ಬೆರಳಲ್ಲಿ ಒತ್ತಿ ನೋಡಬೇಡಿ, ಗೇಜ್ ಇಟ್ಟುಕೊಳ್ಳಿ. 2.4 ಇಂಚು ಅಗಲದ ಟೈರಿಗೆ ಹಿಂದೆ 30, ಮುಂದೆ 26 ಪಿಎಸ್‌ಐನಿಂದ ಶುರು ಮಾಡಿ. ಕಲ್ಲಿಗೆ ರಿಮ್ ‘ಟಕ್’ ಅಂದರೆ ಎರಡು ಏರಿಸಿ.

ಕಟ್ಟುವವರಿಗೆ ಎರಡು ಮಾತು ಹೇಳಿ: ಕಡ್ಡಿಯ ಬಿಗಿ ಅಳೆಯುವ ಟೆನ್ಷನ್ ಮೀಟರ್ ಇದೆಯಾ? ಬಲಗಡೆ ರಿಮ್ ಕಂಪನಿ ಹೇಳಿದ ಮಿತಿಯ ಹತ್ತಿರಕ್ಕೆ ತರುತ್ತೀರಾ? ಸಾಮಾನ್ಯವಾಗಿ ಅದು 110, 120 ಕೆಜಿ ಎಳೆತ. ‘ಮೀಟರ್ ಯಾಕೆ ಸಾರ್, ಕೈಗೇ ಗೊತ್ತಾಗುತ್ತೆ’ ಅಂದರೆ ಟೀ ಕುಡಿದು ಎದ್ದು ಬನ್ನಿ. ಮೂವತ್ತು ವರ್ಷದಿಂದ ಕಟ್ಟುತ್ತಿರುವ ನನ್ನ ಕೈಗೂ ಪೂರ್ತಿ ಗೊತ್ತಾಗಲ್ಲ. ಕಟ್ಟಿದ ಮೇಲೆ ಮೂರು ನಾಲ್ಕು ಭಾನುವಾರ ಓಡಿಸಿ, ಒಂದು ಸಲ ತೋರಿಸಿ.

ಪ್ರಶ್ನೆ: ಮಗನಿಗೆ 17 ವರ್ಷ, 94 ಕೆಜಿ. 21 ಗೇರಿನ ಮೌಂಟನ್ ಸೈಕಲ್ಲಿದೆ. ಹಿಂದಿನ ಆಕ್ಸಲ್ ಎರಡು ಸಲ ಬಗ್ಗಿತು. ರಿಮ್ ಬದಲಾಯಿಸಿದರೆ ಸರಿ ಹೋಗುತ್ತಾ?
– ಒಬ್ಬ ತಂದೆ, ದಾವಣಗೆರೆ

ಉತ್ತರ: ಹೋಗಲ್ಲ ಸರ್, ಆ ದುಡ್ಡು ದಂಡ. ಇಂಥ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಇರುವುದು ಹಬ್ಬಿಗೆ ತಿರುಪಿ ಕೂರಿಸುವ ಏಳು ಹಲ್ಲುಚಕ್ರದ ಫ್ರೀವೀಲ್. ಅದರಲ್ಲಿ ಬಲಗಡೆಯ ಬೇರಿಂಗ್ ತುಂಬ ಒಳಗಿರುತ್ತೆ. ಅಲ್ಲಿಂದ ಫ್ರೇಮಿನವರೆಗೆ ಆಕ್ಸಲ್‌ಗೆ ಆಸರೆಯೇ ಇಲ್ಲ. ಹುಡುಗ ಒಂದು ಹಂಪ್ ಹಾರಿಸಿದರೆ ಬಗ್ಗುತ್ತೆ, ಮೂರನೇ ಸಲ ಮುರಿಯುತ್ತೆ. ಕ್ಯಾಸೆಟ್ (ತಿರುಪದೆ ಜಾರಿಸಿ ಕೂರಿಸುವ ಹಲ್ಲುಚಕ್ರಗಳ ಗೊಂಚಲು) ಹಾಕುವ ಹಬ್ಬಿನಲ್ಲಿ ಬೇರಿಂಗ್ ಹೊರತುದಿಗೆ ಬಂದಿರುತ್ತೆ. ಅಂಥ ಹಬ್ ಇರುವ 32 ಕಡ್ಡಿಯ ಹಿಂದಿನ ಚಕ್ರ, ಜೊತೆಗೆ ಏಳರದ್ದೇ ಕ್ಯಾಸೆಟ್ ಹಾಕಿಸಿ. ಗೇರ್ ಸಾಮಾನು ಅದೇ ನಡೆಯುತ್ತೆ. ಮುಂದಿನದನ್ನು ಮುಟ್ಟಬೇಡಿ.

ಪ್ರಶ್ನೆ: ಕಾಡಿನಲ್ಲಿ ಕಡ್ಡಿ ಮುರಿದರೆ ಏನು ಮಾಡಬೇಕು ಅಣ್ಣಾ?
– ಸಕಲೇಶಪುರ

ಉತ್ತರ: ಮುರಿದದ್ದನ್ನು ಪಕ್ಕದ ಕಡ್ಡಿಗೆ ಸುತ್ತಿಬಿಡಿ, ನೇತಾಡಿ ಗೇರಿಗೆ ಸಿಕ್ಕಿಕೊಳ್ಳದಿದ್ದರೆ ಸಾಕು. ಡಿಸ್ಕ್ ಬ್ರೇಕಾದರೆ ಚಕ್ರ ಸ್ವಲ್ಪ ಓಲಾಡಿದರೂ ನಡೆಯುತ್ತೆ, ಟೈರು ಫ್ರೇಮಿಗೆ ಉಜ್ಜದಿದ್ದರೆ ಆಯಿತು. ಎದ್ದು ನಿಂತು ತುಳಿಯಬೇಡಿ. ಬಿಡಿ ಕಡ್ಡಿ ಇಟ್ಟುಕೊಳ್ಳುವುದಾದರೆ ಎಡಕ್ಕೆರಡು, ಬಲಕ್ಕೆರಡು. ಉದ್ದ ಸಾಮಾನ್ಯವಾಗಿ ಒಂದೆರಡು ಮಿಮೀ ವ್ಯತ್ಯಾಸ ಇರುತ್ತೆ. ಗುರುತಿಗೆ ನಾನು ಬಲಗಡೆಯದಕ್ಕೆ ಕೆಂಪು ಟೇಪ್ ಸುತ್ತಿ, ನಾಲ್ಕನ್ನೂ ಸೀಟಿನ ಪೈಪೊಳಗೆ ಇಳಿಬಿಟ್ಟು ಬಟ್ಟೆ ತುರುಕಿದ್ದೇನೆ. ಬಟ್ಟೆ ಇಲ್ಲದಿದ್ದರೆ ದಾರಿಯುದ್ದಕ್ಕೂ ಗಲಗಲ ಅನ್ನುತ್ತೆ.