ಬಾಗಿಲ ತೋರಣಕ್ಕೂ ನೋಟಿಸ್ ಬಂದಿದೆಯಾ?

ಟೆಕ್ಸಸ್‌ನ ಕೇಟಿಯಲ್ಲಿ ಹೊಸ ಮನೆ, ಬಾಗಿಲಿನ ಮಾವಿನ ತೋರಣ ತೆಗೆಯಿರಿ ಅಂತ ಬಡಾವಣೆಯ ಮನೆ ಮಾಲೀಕರ ಅಸೋಸಿಯೇಷನ್‌ನಿಂದ ಪತ್ರ ಬಂದಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ತೆಗೆಯಬೇಡಿ ಸಾರ್.

ಟೆಕ್ಸಸ್ ಪ್ರಾಪರ್ಟಿ ಕೋಡ್‌ನ (ಆ ರಾಜ್ಯದ ಆಸ್ತಿ ಕಾನೂನು) ಸೆಕ್ಷನ್ 202.018 ಓದಿ, ಮನೆಯಲ್ಲಿ ಧಾರ್ಮಿಕ ವಸ್ತು ಕಟ್ಟಲು ರಕ್ಷಣೆ ಕೊಡೋದು ಅದೇ. 2011ರಲ್ಲಿ ಬಂದಾಗ ಬಾಗಿಲಿಗೆ ಮಾತ್ರ, ಅದೂ 25 ಚದರ ಇಂಚು. ಅಷ್ಟರಲ್ಲಿ ನಾಲ್ಕು ಎಲೆಯೂ ಹಿಡಿಯಲ್ಲ! 2021ರ ತಿದ್ದುಪಡಿಯಲ್ಲಿ ಆ ಅಳತೆ ಹೋಯಿತು, ನಿಮ್ಮ ಇಡೀ ಜಾಗಕ್ಕೆ ಅನ್ವಯವಾಯಿತು. ಧಾರ್ಮಿಕ ನಂಬಿಕೆಯಿಂದ ಮನಸಾರೆ ಕಟ್ಟಿದ್ದನ್ನು ಅಸೋಸಿಯೇಷನ್‌ನವರು ಬೇಡ ಅನ್ನುವಂತಿಲ್ಲ. ಆದರೆ ಎಲ್ಲರಿಗೂ ಸೇರಿದ ಜಾಗದಲ್ಲಿ ಕಟ್ಟಬೇಡಿ.

ದಂಡ ಹಾಕುವ ಮೊದಲು ಸರ್ಟಿಫೈಡ್ ಅಂಚೆಯಲ್ಲಿ ನೋಟಿಸ್ ಕಳಿಸಬೇಕು. ಅದು ಹೊರಟ 30 ದಿನದೊಳಗೆ ವಿಚಾರಣೆ ಕೇಳಿ, ಬರವಣಿಗೆಯಲ್ಲೇ. ಫೋನಿನಲ್ಲಿ ಮಾತಾಡಿದರೆ ದಾಖಲೆ ಇರಲ್ಲ.

ಸಿಟ್ಟಿಗೆ ಅಸೋಸಿಯೇಷನ್‌ಗೆ ಕಟ್ಟುವ ವರ್ಷದ ಶುಲ್ಕ ಮಾತ್ರ ನಿಲ್ಲಿಸಬೇಡಿ. ಬರೀ ದಂಡದ ಬಾಕಿಗೆ ಮನೆ ಹರಾಜು ಹಾಕೋಕೆ ಬರಲ್ಲ, ಶುಲ್ಕದ ಬಾಕಿಗೆ ಬರುತ್ತೆ.

ಅಂದ ಹಾಗೆ, ಗೌರಿ ಹಬ್ಬದ ತೋರಣ ದೀಪಾವಳಿವರೆಗೂ ಒಣಗಿ ಸುರುಟಿಕೊಂಡು ನೇತಾಡ್ತಾ ಇದೆಯಾ? ನಮ್ಮನೇಲಿ ಹಾಗೇ ಆಗಿತ್ತು. ಹಸಿ ಎಲೆ ಕಟ್ಟಿ ಫೋಟೋ ತೆಗೆದು ವಿಚಾರಣೆ ಕೇಳುವ ಪತ್ರದ ಜೊತೆ ಕಳಿಸಿ.