ಮಗ ಮಿಷನ್ ಮಾರಿದ್ದಾನೋ, ಇನ್ನೂ ಮಾರಬೇಕೋ?

ನಮಸ್ಕಾರ.

ನಿಮ್ಮ ಇಂಗ್ಲಿಷ್ ಕಥೆ ಎರಡು ಸಲ ಓದಿದೆ. ಟೈಲರ್ ಅಪ್ಪನಿಗೆ ಹೇಳದೆ ಹಳೇ ಹೊಲಿಗೆ ಮಿಷನ್ ಗುಜರಿಗೆ ಹಾಕಿದ ಮಗ, ಗೊತ್ತಾದ ಮೇಲೆ ಮಾತು ಬಿಟ್ಟ ಅಪ್ಪ. ಖಾಲಿ ಮೂಲೆಯಲ್ಲಿ ಉಳಿದ ನಾಲ್ಕು ಕಾಲಿನ ಗುರುತು, ಕಸ ಗುಡಿಸುವಾಗ ಅದನ್ನು ತುಳಿಯದೆ ಸುತ್ತಿ ಹೋಗುವ ಅಮ್ಮ, ಇದೆಲ್ಲ ಹೇಳಿಕೊಟ್ಟು ಬರುವಂಥದ್ದಲ್ಲ. ಆದರೆ ಈಗಿರುವ ಹಾಗೆ ಅಚ್ಚಿಗೆ ಹಾಕಲಾರೆ. ಸಣ್ಣಪುಟ್ಟ ತಪ್ಪಾಗಿದ್ದರೆ ಸುಮ್ನೆ ನಾನೇ ತಿದ್ದಿಬಿಡುತ್ತಿದ್ದೆ. ನೀವು ಕ್ರಿಯಾಪದದ ಕಾಲ, ಅಂದರೆ ಟೆನ್ಸ್, ತಪ್ಪಿದ ಕಡೆಯೆಲ್ಲ ಕಥೆಯೇ ದಾರಿ ತಪ್ಪುತ್ತದೆ.

ರಾತ್ರಿ ನಿದ್ದೆ ಬರದೆ ಮಗ ಅಂದುಕೊಳ್ಳುತ್ತಾನೆ: 'ಐ ವಿಶ್ ಐ ಡೋಂಟ್ ಸೆಲ್ ದಟ್ ಮಷಿನ್.' ಮಾರಿ ತಿಂಗಳಾಗಿದೆ, ಈ ಸಾಲು ಓದಿದರೆ ಮಿಷನ್ ಇನ್ನೂ ಮೂಲೆಯಲ್ಲೇ ಇದೆ! ವಿಶ್ ಬಂದರೆ ಕ್ರಿಯಾಪದ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಈಗ ಇಲ್ಲದ್ದಕ್ಕೆ ಆಸೆಪಟ್ಟರೆ ಪಾಸ್ಟ್ ಟೆನ್ಸ್, 'ಐ ವಿಶ್ ಐ ಹ್ಯಾಡ್ ದ ಮನಿ.' ಆಗಿಹೋದದ್ದಕ್ಕೆ ಕೊರಗಿದರೆ ಇನ್ನೂ ಒಂದು ಹೆಜ್ಜೆ, ಪಾಸ್ಟ್ ಪರ್ಫೆಕ್ಟ್, 'ಐ ವಿಶ್ ಐ ಹ್ಯಾಡಂಟ್ ಸೋಲ್ಡ್ ಇಟ್.' ಇದೇನು ಹೊಸ ಲೆಕ್ಕ ಅಲ್ಲ. 'ಈಗ ಕೈಯಲ್ಲಿ ದುಡ್ಡಿದ್ದಿದ್ದರೆ' ಅಂತ ನಾವೂ ಈಗಿನ ಮಾತಿಗೆ ಹಿಂದಿನ ಕಾಲ ತರುತ್ತೇವೆ, ಅಲ್ವಾ?

ಎಡವುವುದು ಬೇರೆ ಕಡೆ. 'ಮಾರಬಾರದಿತ್ತು' ಅನ್ನುವಾಗ ಹಿಂದಿನ ಕಾಲವೆಲ್ಲ ಕೊನೆಯ 'ಇತ್ತು' ಹೊತ್ತುಕೊಂಡಿರುತ್ತದೆ, 'ಮಾರು' ಇದ್ದ ಹಾಗೇ ಇರುತ್ತದೆ. ಇಂಗ್ಲಿಷಿನ ಶುಡ್ ಗೆ ಅಂಥ ಬಾಲ ಇಲ್ಲ, ಅದಕ್ಕೇ ಮುಂದೆ ಹ್ಯಾವ್ ಸೇರಿಸಿ 'ಐ ಶುಡಂಟ್ ಹ್ಯಾವ್ ಸೋಲ್ಡ್ ಇಟ್' ಅನ್ನಬೇಕು. ನೀವು ಬರೆದ 'ಶುಡ್ ನಾಟ್ ಸೆಲ್' ಬರೀ 'ಮಾರಬಾರದು'. ಅದು ಬುದ್ಧಿಮಾತು, ಅದರಲ್ಲಿ ಪಶ್ಚಾತ್ತಾಪ ಎಲ್ಲಿದೆ?

ಇನ್ನು ಕಥೆಯ ಮುಖ್ಯ ಸಾಲು: 'ಐ ವಿಶ್ ಅಪ್ಪ ವಿಲ್ ಫರ್ಗಿವ್ ಮಿ.' ವಿಶ್ ಜೊತೆ ವಿಲ್ ಹೊಂದುವುದಿಲ್ಲ. 'ಐ ಹೋಪ್ ಅಪ್ಪ ವಿಲ್ ಫರ್ಗಿವ್ ಮಿ' ಅಂದರೆ ಅಪ್ಪ ಇವತ್ತಲ್ಲ ನಾಳೆ ಕರಗಬಹುದು ಅಂತ ಮಗನಿಗೆ ನಂಬಿಕೆ ಇದೆ. 'ಐ ವಿಶ್ ಅಪ್ಪ ವುಡ್ ಫರ್ಗಿವ್ ಮಿ' ಅಂದರೆ ಅಪ್ಪ ಹಟ ಹಿಡಿದು ಕೂತಿದ್ದಾನೆ, ಮಗನಿಗೂ ಒಳಗೊಳಗೇ ಸ್ವಲ್ಪ ಸಿಟ್ಟಿದೆ. ಎರಡೂ ಸರಿ, ಆದರೆ ಎರಡೂ ಒಂದೇ ಮಗ ಅಲ್ಲ. ಕೊನೇ ಪುಟದಲ್ಲಿ ಅಪ್ಪ ಅವನ ಹರಿದ ಅಂಗಿಯನ್ನು ಕೈಯಲ್ಲೇ ಹೊಲಿದು ಮಡಚಿ ಇಡುತ್ತಾನಲ್ಲ, ನಾನಾದರೆ ಅಲ್ಲಿಯವರೆಗೆ ವುಡ್ ಇಟ್ಟು, ಅಂಗಿ ನೋಡಿದ ಮೇಲೆ ಹೋಪ್ ಬರೆಯುತ್ತಿದ್ದೆ. ನಿಮ್ಮ ಕಥೆ, ನೀವೇ ತೀರ್ಮಾನಿಸಿ.

'ಐ ರಿಗ್ರೆಟ್ ಟು ಸೆಲ್ ಇಟ್' ಬೇಡ, 'ರಿಗ್ರೆಟ್ ಸೆಲ್ಲಿಂಗ್' ಮಾಡಿ. 'ರಿಗ್ರೆಟ್ ಟು' ಆಫೀಸ್ ಪತ್ರದ ಭಾಷೆ. ಕಥೆ ವಾಪಸ್ ಕಳಿಸುವಾಗ ನಾವು ಸಂಪಾದಕರು 'ವಿ ರಿಗ್ರೆಟ್ ಟು ಇನ್ಫಾರ್ಮ್ ಯು' ಅಂತೀವಲ್ಲ, ಅದೇ.

ಒಂದು ಕಡೆ ಮಾತ್ರ ಕೈ ಹಾಕಬೇಡಿ: 'ಹಿ ವಿಶ್ಡ್ ಹಿ ನ್ಯೂ ಹೌ ಟು ಥ್ರೆಡ್ ಎ ನೀಡಲ್.' ವಿಶ್ಡ್ ಇದೆ ಅಂತ ಹೆದರಿ ಅದನ್ನು 'ಹ್ಯಾಡ್ ನೋನ್' ಮಾಡಬೇಡಿ. ಸೂಜಿಗೆ ದಾರ ಪೋಣಿಸಲು ಬರದೇ ಇದ್ದದ್ದು ಆ ಹೊತ್ತಿನಲ್ಲೇ, ಸರಿಯಾಗೇ ಬರೆದಿದ್ದೀರಿ.

ತಿದ್ದಿ ಕಳಿಸಿ, ಜಾಸ್ತಿ ತಡ ಮಾಡಬೇಡಿ.